ಅಮಾವಾಸ್ಯೆಗೂ ನಿಲ್ಲದ ಕೆಲಸ

ಸಿರುಮುಗೈ
8-9-1986, ಸೋಮವಾರ

ಪ್ರೀತಿಯ ವಿಜಯಾ,

ನಿನ್ನ ಅತ್ತೆಯ ಆಶೀರ್ವಾದ. ಹೇಗಿದ್ದೀಯಮ್ಮಾ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯಾ? ನಿದ್ದೆ ಬರುತ್ತದೆಯೇ? ಪೆರಿಯನಾಯಕನಪಾಳ್ಯದ ಮಿಲ್ಲಿನ ಸಂಗು ಕೂಗಿ ಬೆಳಗ್ಗೆ ಎಬ್ಬಿಸಿಬಿಡುತ್ತದೆ ಎಂದು ನೀನು ಹೇಳುತ್ತಿದ್ದೆ. ಎಬ್ಬಿಸಿದರೂ ಮಗ್ಗುಲು ಬದಲಿಸಿ ಮಲಗು, ತಾಯಿಮನೆ ತಾನೇ. ನಾನು ಕಲಿಸಿದ ಕನ್ನಡ ಅಕ್ಷರ ಮರೆತಿಲ್ಲವಲ್ಲ? ನಾನು ಕೊಳ್ಳೇಗಾಲದಲ್ಲಿ ಐದನೇ ಕ್ಲಾಸಿನವರೆಗೆ ಓದಿದ್ದು ಈಗ ಉಪಯೋಗಕ್ಕೆ ಬಂತು. ನಿನ್ನ ಗಂಡ ನಟರಾಜನ್‌ಗೆ ಇದನ್ನು ಓದಲು ಬರದು. ಅದೂ ಒಳ್ಳೆಯದೇ.

ಅವನು ಮಗ್ಗದಲ್ಲಿ ಒಂದು ಸೀರೆ ಮುಗಿಸಿ ಇನ್ನೊಂದನ್ನು ಹಿಡಿದಿದ್ದಾನೆ. ನೀನು ಹೋದ ಮೇಲೆ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಡುವವಳು ನಾನೇ. ನನ್ನದು ಸಡಿಲವಂತೆ, ಲಾಳಿಯೊಳಗೇ ಕಳಚಿಕೊಳ್ಳುತ್ತದಂತೆ. "ವಿಜಯಾ ಸುತ್ತಿದ್ರೆ ಕಲ್ಲು ಮಾದ್ರಿ ಇರ್ತದೆ" ಎನ್ನುತ್ತಾನೆ. ಇದನ್ನು ನಿನ್ನೆದುರಿಗೆ ಒಮ್ಮೆಯಾದರೂ ಹೇಳಿದ್ದನೋ ಇಲ್ಲವೋ.

ಮೇಟ್ಟುಪಾಳ್ಯದ ಡಾಕ್ಟರಮ್ಮನ ಹತ್ತಿರ ಹೋದ ದಿನ ನೆನಪಾಗುತ್ತಿದೆ. ನಿದ್ದೆ ಬರುತ್ತದಾ ಎಂದು ಆಕೆ ನಿನ್ನನ್ನು ಕೇಳಿದರು. "ಮಲಗಿದ್ರೆ ಏಳೋದೇ ಇಲ್ಲ ಡಾಕ್ಟರಮ್ಮಾ" ಎಂದು ನಾನು ಹೇಳಿದೆ. ಏನಾದರೂ ಕೊರಗು ಇದೆಯಾ ಎಂದಾಗಲೂ ಬಾಯಿ ಹಾಕಿದವಳು ನಾನೇ. ನೀನು ಗೋಡೆ ನೋಡುತ್ತಾ ಕೂತಿದ್ದೆ. ದೇಹದಲ್ಲಿ ರೋಗವಿಲ್ಲ, ಮನಸ್ಸು ದಣಿದಿದೆ, ಕೆಲವು ತಿಂಗಳು ವಿಶ್ರಾಂತಿ ಬೇಕು ಎಂದರು. ಬಸ್ಸಿನಲ್ಲಿ ಬರುವಾಗ "ದಣಿಯೋಕೆ ಮನಸ್ಸೇನು ಮಗ್ಗ ತುಳೀತದಾ?" ಎಂದು ಪಕ್ಕದವಳಿಗೂ ಕೇಳುವಂತೆ ನಾನು ನಕ್ಕಿದ್ದೆ.

ಮೊನ್ನೆ ಗುರುವಾರ ಅಮಾವಾಸ್ಯೆ. ನಮ್ಮ ಬೀದಿಯಲ್ಲಿ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ನಟರಾಜನ್ ಎಣ್ಣೆಸ್ನಾನ ಮಾಡಿ ಉಂಡು ಮಲಗಿದ. ನಾನು ನೀರು ಕಾಯಿಸಿದೆ, ಮನೆ ತೊಳೆದೆ, ಪೂಜೆಗೆ ಅಣಿ ಮಾಡಿದೆ, ವಡೆ ಕರಿದೆ, ಪಾತ್ರೆ ಬೆಳಗಿದೆ, ಮರುದಿನಕ್ಕೆ ಕಂಡಿಕೆ ಸುತ್ತಲು ಕೂತೆ. ಸಂಜೆ ಪಕ್ಕದ ಮನೆಯ ಪೊನ್ನಮ್ಮ ಬಂದು "ಊಟ ಆಯ್ತಾಕ್ಕಾ?" ಎಂದಳು. ಉಂಡೆನೋ ಇಲ್ಲವೋ ನನಗೇ ತಿಳಿಯಲಿಲ್ಲ. ಹೋದ ವರ್ಷ ಇಂಥದೇ ಒಂದು ಅಮಾವಾಸ್ಯೆಯಂದು ನೀನು ರಾಟೆಯ ಮುಂದೆ ಸುಮ್ಮನೆ ಅಳುತ್ತಿದ್ದೆ. "ಮಗ್ಗಕ್ಕೇ ಇವತ್ತು ಲೀವು, ನಿನಗೇನ್ಮಾ ಕಷ್ಟ?" ಎಂದು ನಾನು ಗದರಿದ್ದೆ. ನಿನ್ನ ಕೆಲಸಕ್ಕೆ ಅಮಾವಾಸ್ಯೆಯೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಿನ್ನ ಮಾವ ಹೋದಂದಿನಿಂದ ನೋಟುಬುಕ್ಕಿನಲ್ಲಿ ದಿನಕ್ಕೆರಡು ಸಾಲು ಬರೆಯುತ್ತೇನೆ, ನಿನಗೆ ಗೊತ್ತು. ನಿನ್ನೆ ಎಲ್ಲವನ್ನೂ ತಿರುವಿ ಓದಿದೆ. ಎಂಟು ತಿಂಗಳೂ ನನ್ನ ದುಃಖವೇ. ನಿನ್ನ ಹೆಸರು ಎರಡೇ ಕಡೆ, ಎರಡು ಕಡೆಯೂ ದೂರು. ಅವರು ಹಾಸಿಗೆ ಹಿಡಿದ ಎರಡು ವರ್ಷ ತೊಳೆದವಳು, ಮಗ್ಗುಲು ತಿರುಗಿಸಿದವಳು, ಬೈಸಿಕೊಂಡವಳು ನೀನು. ಸತ್ತ ದಿನ ಬಂದವರೆಲ್ಲ ನನ್ನನ್ನು ತಬ್ಬಿಕೊಂಡು ಅತ್ತರು. ನೀನು ಅವರಿಗೆ ಕಾಫಿ ಕಾಯಿಸುತ್ತಿದ್ದೆ. "ಈಗ ಕೆಲಸ ಕಮ್ಮಿ ಆಯ್ತಲ್ಲ, ಇನ್ನೇನು ಆಯಾಸ" ಎಂದು ಆಮೇಲೆ ನಾವೇ ಅಂದೆವು. ಹೊರೆ ಇಳಿಸಿದ ಮೇಲೆಯೇ ಬೆನ್ನು ನೋಯುವುದು. ಇಷ್ಟು ವಯಸ್ಸಾದರೂ ನನಗೆ ಅದು ತಿಳಿಯದೆ ಹೋಯಿತು. ನೀನು ಅಂದು ಅತ್ತೆಯೋ ಇಲ್ಲವೋ, ನಾನು ಕೇಳಲೇ ಇಲ್ಲ ಮಗಳೇ.

ನಿನ್ನ ತಾಯಿಗೆ ನನ್ನ ನಮಸ್ಕಾರ ಹೇಳು. ದೇವರು ನಿನಗೆ ತಂಪಾದ ನಿದ್ದೆ ಕೊಡಲಿ.

ಇಂತು ನಿನ್ನ ಒಳಿತನ್ನೇ ಬೇಡುವ
ಜಾನಕಿ

ಮತ್ತೆ: ಭಾನುವಾರ ನಟರಾಜನ್ ನಿನ್ನನ್ನು ಕರೆಯಲು ಬರುತ್ತಾನೆ. ಅಮ್ಮನಿಗೆ ಎದೆನೋವು, ಎದ್ದು ಕೂರಲಾಗುತ್ತಿಲ್ಲ ಎನ್ನುತ್ತಾನೆ. ಹಾಗೆಂದರೆ ನೀನು ಓಡಿ ಬರುತ್ತೀ ಎಂದು ಗೊತ್ತಿದ್ದೇ ಹೋದ ವಾರ ಅವನಿಗೆ ಅದನ್ನು ಹೇಳಿಕೊಟ್ಟವಳು ನಾನು. ಈಗ ಬೇಡವೆಂದರೂ ಅವನು ಕೇಳುತ್ತಿಲ್ಲ. ನನಗೆ ಏನೂ ಆಗಿಲ್ಲ. ಅವನ ಮುಖ ನೋಡಿ ಕರಗಬೇಡ. ಅವನೊಬ್ಬನೇ ಬಸ್ಸು ಹತ್ತಲಿ.