ಎರಡೂ ಕೈ

ಫೆಬ್ರವರಿ ೩, ಸೋಮವಾರ

ಇಂದೂ ಭಾವ ಪೆಟ್ರೋಲ್ ಚೆಲ್ಲಿದರು. ಬೇಲಿ ಕತ್ತರಿಸುವ ಟ್ರಿಮ್ಮರಿನ ಟ್ಯಾಂಕಿನ ಬಾಯಿ ಒಂದು ಕಡೆ, ಕ್ಯಾನಿನ ಮೂತಿ ಇನ್ನೊಂದು ಕಡೆ. ಇಂಜಿನ್ ಆರಿತ್ತು, ಪುಣ್ಯ. ನಾನೇ ಒರೆಸಿದೆ. ಮುಚ್ಚಳ ತಿರುಗಿಸಲು ನೋಡಿದರು, ಆಗಲಿಲ್ಲ. ನನ್ನ ಕೈಗೆ ಕೊಟ್ಟರು — "ನೀನೇ ಹಾಕು, ಕಣ್ಣಿಗೆ ಏನೋ ಬಿತ್ತು." ಕಣ್ಣಿಗೆ ಬಿದ್ದರೆ ಮುಚ್ಚಳಕ್ಕೇನು ಕಷ್ಟ? ಭಾವನ ಸಬೂಬುಗಳಿಗೆ ಒಂದು ಗೋಡೌನೇ ಬೇಕು.

ಪಾರ್ಕಿನ ವ್ಯೂಹ ಈ ತಿಂಗಳ ಕೊನೆಗೆ ಜನಕ್ಕೆ ತೆರೆಯಬೇಕು. ಆಳೆತ್ತರ ಮೀರಿದ ಗಿಡಬೇಲಿ, ಒಳಗೆ ಸುತ್ತಿ ಸುತ್ತಿ ಹೋಗುವ ಓಣಿಗಳು, ಅಲ್ಲಲ್ಲಿ ಮುಂದೆ ದಾರಿಯೇ ಇಲ್ಲದ ಮೂಲೆಗಳು. ಭಾವ ಟ್ರಿಮ್ಮರ್ ಹಿಡಿದು ಕತ್ತರಿಸುತ್ತಾ ಮುಂದೆ, ನಾನು ರೇಕ್ ಹಿಡಿದು ಎಲೆ ಬಾಚುತ್ತಾ ಒಂದು ಓಣಿ ಹಿಂದೆ. ಕಾಣುವುದಿಲ್ಲ, ಕೇಳುತ್ತದೆ ಅಷ್ಟೇ. ಕೊಯ್ಯುವಾಗ ಇಂಜಿನ್ ರೇಸ್, ತಿರುವಿನಲ್ಲಿ ಇಳಿತ, ಮತ್ತೆ ರೇಸ್. ಆ ಏರಿಳಿತ ಇದ್ದರೆ ಭಾವ ಸರಿಯಾಗಿದ್ದಾರೆ ಅಂತ.

ಹತ್ತಿರ ಹೋಗಬೇಕಾದರೆ ಎದುರಿನಿಂದಲೇ, ಕೆಂಪು ಬಟ್ಟೆ ಬೀಸಿ. ಅವರು ಲಿವರ್ ಬಿಡಬೇಕು, ಬ್ಲೇಡ್ ನಿಲ್ಲಬೇಕು, ಆಮೇಲೆ ಹೆಜ್ಜೆ. ಕೆಲಸಕ್ಕೆ ಸೇರಿದ ದಿನವೇ ಕಲಿಸಿದ್ದು. ಕೆಲಸ ಕೊಡಿಸಿದ್ದೂ ಅವರೇ, ಅಕ್ಕನ ಜೊತೆ ಇರು ಅಂತ ಮನೆಯಲ್ಲಿ ಕೋಣೆ ಕೊಟ್ಟಿದ್ದೂ ಅವರೇ.

ಫೆಬ್ರವರಿ ೪

ಕೆಂಪು ಬಟ್ಟೆ ಬೀಸಿದೆ. ಲಿವರ್ ಬಿಡಲಿಲ್ಲ, ಸೀದಾ ಇಂಜಿನ್ನೇ ಆಫ್ ಮಾಡಿದರು. ಹೀಗೆ ಯಾವತ್ತೂ ಮಾಡಿದವರಲ್ಲ. ಅವರು ನೀರು ಕುಡಿಯಲು ಹೋದಾಗ ಮೆಷಿನ್ ಬಗ್ಗಿ ನೋಡಿದೆ.

ಹಿಂದಿನ ಹಿಡಿಯಲ್ಲಿ ಎರಡು ಲಿವರ್. ಮೇಲಿನದನ್ನು ಅಂಗೈ ಒತ್ತಬೇಕು, ಕೆಳಗಿನದನ್ನು ಬೆರಳು ಎಳೆಯಬೇಕು. ಎರಡೂ ಒಟ್ಟಿಗೆ ಹಿಡಿದರೆ ಮಾತ್ರ ಬ್ಲೇಡ್ ಓಡುವುದು. ಕೈ ಬಿಟ್ಟರೆ ನಿಂತಿತು. ಆ ಮೆಷಿನ್ನಿಗೆ ಇರುವ ಬುದ್ಧಿಯೇ ಅಷ್ಟು, ಅದನ್ನೂ ಕಟ್ಟಿಹಾಕಿದ್ದಾರೆ! ಸೈಕಲ್ ಟ್ಯೂಬಿನ ಪಟ್ಟಿ, ಎರಡೂ ಲಿವರ್ ಸೇರಿಸಿ ಬಿಗಿಯಾಗಿ ಸುತ್ತಿದ್ದು. ಇನ್ನು ಕೈ ಇದ್ದರೂ ಓಡುತ್ತದೆ, ಇಲ್ಲದಿದ್ದರೂ ಓಡುತ್ತದೆ.

"ಇದೇನು ಭಾವ?"

"ಹಿಡಿ ಜಾರ್ತಿತ್ತು."

"ಲಿವರ್ ಕಟ್ಟಿದ್ದೀರಲ್ಲ! ಕೈ ಬಿಟ್ಟರೆ ಗತಿ ಏನು?"

"ಬಿಟ್ಟರೆ ತಾನೆ? ನಾನು ಬಿಡೋನಲ್ಲ. ನೀನು ಎಲೆ ಬಾಚು ಹೋಗು."

ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನ ನೋಡಿದರೆ ಇನ್ನೊಂದು ಪಟ್ಟಿ. ಸಿಟ್ಟು ನೆತ್ತಿಗೇರಿತು. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ!

ಫೆಬ್ರವರಿ ೫, ಬೆಳಗ್ಗೆ

ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಚಳಿ ಇತ್ತು. ಗ್ಲೌಸ್ ಹಾಕುವ ಮೊದಲು ಅವರ ಕೈ ಕಂಡಿತು. ಬೆರಳುಗಳೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಮುಟ್ಟಿದೆ. ತಣ್ಣಗೆ. ನಾನು ಮುಟ್ಟಿದ್ದು ಅವರಿಗೆ ತಿಳಿದಂತಿರಲಿಲ್ಲ.

"ಮೆಷಿನ್ ನಡುಕ ಕಣೇ, ಇಷ್ಟು ವರ್ಷದ್ದು" ಅಂದರು. "ಮೊದಮೊದಲು ಬೆಳಗ್ಗೆ ಮಾತ್ರ ಜೋಮು ಹಿಡೀತಿತ್ತು. ಈಗ ದಿನ ಇಡೀ. ಹಿಡಿದಿದ್ದೀನೋ ಬಿಟ್ಟಿದ್ದೀನೋ, ಕಣ್ಣಲ್ಲಿ ನೋಡಿದರೇನೇ ಗೊತ್ತಾಗೋದು."

"ಡಾಕ್ಟರಿಗೆ ತೋರಿಸಿ."

"ಡಾಕ್ಟರು ಮೆಷಿನ್ ಬಿಡು ಅಂತಾರೆ. ಬಿಟ್ಟರೆ ಅಳತೆಪಟ್ಟಿ ನನ್ನನ್ನ ಗೇಟಲ್ಲಿ ಕೂರಿಸ್ತಾನೆ, ಟಿಕೆಟ್ ಹರಿಯೋಕೆ. ಈ ವ್ಯೂಹದ ಒಂದೊಂದು ಗಿಡ ನೆಟ್ಟಿದ್ದು ನಾನು."

ಅಳತೆಪಟ್ಟಿ ಅಂದರೆ ನಮ್ಮ ಸೂಪರ್‌ವೈಸರ್. ಸದಾ ಟೇಪು ಹಿಡಿದು ಬೇಲಿ ಅಳೆಯುತ್ತಿರುತ್ತಾನೆ.

"ನಿಮ್ಮಕ್ಕಂಗೆ ಹೇಳಬೇಡ. ಇದೊಂದು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

ಹೂಂ ಅಂದುಬಿಟ್ಟೆ. ಬಾಯಿಗೆ ಬಿಸಿ ತುಪ್ಪ ಹಾಕಿಕೊಂಡ ಹಾಗಾಯಿತು — ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಫೆಬ್ರವರಿ ೯, ಭಾನುವಾರ

ಮೂರು ದಿನ ಬರೆಯಲಿಲ್ಲ. ಕಿವಿ ಬಿಟ್ಟು ಬೇರೇನೂ ಕೆಲಸ ಮಾಡುತ್ತಿಲ್ಲ. ಊಟಕ್ಕೆ ಕೂತರೂ ಅದೇ ಸದ್ದು. ಪಟ್ಟಿ ಕಟ್ಟಿದ ಮೇಲೆ ರೇಸ್ ಇಳಿಯುವುದಿಲ್ಲ. ಒಂದೇ ಸಮನೆ. ಗಿಡ ಸಿಕ್ಕಿದಾಗ ಸ್ವಲ್ಪ ದಪ್ಪ, ಬಿಟ್ಟಾಗ ತೆಳ್ಳಗೆ, ಆ ಸಣ್ಣ ವ್ಯತ್ಯಾಸವನ್ನೇ ಹಿಡಿದುಕೊಂಡು ನಿಂತಿರುತ್ತೇನೆ.

ಇಂದು ರಜೆ. ಅಕ್ಕ ಹೊಲಿಗೆಗೆ ಕೂತಿದ್ದಳು. ಗಿರಾಕಿಗಳ ಬಟ್ಟೆ ಅಲ್ಲ, ಭಾವನ ಶರ್ಟುಗಳು. ಗುಂಡಿ ಎಲ್ಲ ಕಿತ್ತು, ಒತ್ತಿದರೆ ಕೂರುವ ಟಿಚ್ ಬಟನ್ ಹಾಕುತ್ತಿದ್ದಾಳೆ. ಯಾಕೆ ಅಂದೆ.

"ನಿನ್ನ ಭಾವಂಗೆ ಬೆಳಗ್ಗೆ ಅವಸರ ಜಾಸ್ತಿ." ಮುಖ ಎತ್ತಲಿಲ್ಲ.

ಅರ್ಧ ಗೊತ್ತಿದೆ ಇವಳಿಗೆ.

ಅಲ್ಲೇ ಮೇಜಿನ ಮೇಲೆ ಅವಳ ಜಿಗ್‌ಜಾಗ್ ಕತ್ತರಿ. ಬಟ್ಟೆಯ ಅಂಚಿನ ನೂಲು ಬಿಡದಿರಲಿ ಅಂತ ಹಲ್ಲುಹಲ್ಲಾಗಿ ಕತ್ತರಿಸುವುದು. ಆ ಹಲ್ಲನ್ನೇ ನೋಡಿದೆ. ಜೇಬಿನಲ್ಲಿದ್ದ ಟ್ಯೂಬ್ ಪಟ್ಟಿ ತೆಗೆದೆ. ಅಂಚು ಹಲ್ಲುಹಲ್ಲು.

"ಅಕ್ಕ, ಇದನ್ನ ಕತ್ತರಿಸಿಕೊಟ್ಟಿದ್ದು ನೀನಾ?"

"ಹೂಂ. ಹಿಡಿಗೆ ಸುತ್ತಿದರೆ ಕೈಗೆ ಮೆತ್ತಗಿರುತ್ತಂತೆ. ನನ್ನ ಹಳೇ ಸೈಕಲ್ಲಿಂದು. ಕತ್ತರಿ ಮೊಂಡಾಯ್ತು, ಹಾಳಾಗ್ಲಿ. ಒಂದು ಕಟ್ಟು ಮಾಡಿಟ್ಟಿದ್ದೀನಿ." ಆಮೇಲೆ ಮುಖ ಎತ್ತಿದಳು. "ಸ್ವಲ್ಪ ಪರವಾಗಿಲ್ವಾ ಅವರ ಕೈಗೆ?"

ಎಷ್ಟು ಆಸೆಯಿಂದ ಕೇಳಿದಳು. ಹೇಳಬೇಕಿತ್ತು. "ಪರವಾಗಿಲ್ಲ" ಅಂದೆ. ನನ್ನ ಮೇಲೆ ನನಗೇ ಹೇಸಿಗೆ. ಭಾವನ ಮೇಲಂತೂ... ಕಟ್ಟಿಕೊಂಡವಳ ಕೈಯಲ್ಲೇ ಮಾಡಿಸಿಕೊಳ್ಳಬೇಕಿತ್ತಾ ಇದನ್ನ?

ಫೆಬ್ರವರಿ ೧೨, ಬುಧವಾರ, ಸಂಜೆ ೪

ಅಕ್ಷರ ಕೋಳಿಕಾಲು. ಆದರೂ ಬರೆಯುತ್ತೇನೆ.

ವ್ಯೂಹದ ನಡುಭಾಗ. ಎಲೆ ಬಾಚುತ್ತಿದ್ದೆ. ಸದ್ದು ತೆಳ್ಳಗಾಯಿತು. ಮತ್ತೆ ದಪ್ಪಗಾಗಲಿ ಅಂತ ಕಾದೆ. ಆಗಲಿಲ್ಲ. ಅದೂ ಕೆಳಗಿನಿಂದ, ನೆಲದಿಂದ ಬರುತ್ತಿತ್ತು, ಜಲ್ಲಿ ಕಲ್ಲಿನ ಕಟಕಟ ಸೇರಿಕೊಂಡು.

ಓಡಿದೆ. ಗೊತ್ತಿದ್ದ ದಾರಿಯೇ ತಪ್ಪಿತು. ಎದುರಿಗೆ ಬೇಲಿ. ಆಚೆಗೇ ಸದ್ದು. "ಭಾವ!" ಅವರ ಕಿವಿಗೆ ಸದ್ದು ತಡೆಯುವ ಮಫ್, ಎಲ್ಲಿ ಕೇಳಬೇಕು. ತಿರುಗಿ ಬಂದು ಎಡಕ್ಕೆ, ಮತ್ತೆ ಎಡಕ್ಕೆ.

ದಾರಿಯಿಲ್ಲದ ಮೂಲೆ. ಭಾವ ಬೇಲಿಗೆ ಬೆನ್ನು ಒತ್ತಿ ನಿಂತಿದ್ದರು. ಅವರಿಗೂ ನನಗೂ ನಡುವೆ ಮೆಷಿನ್ — ಜಲ್ಲಿಯ ಮೇಲೆ ತಾನಾಗಿ ಕುಣಿಯುತ್ತಾ, ಬಿದ್ದ ರಭಸಕ್ಕೆ ಬ್ಲೇಡ್ ತಿರುಗಿ ಅವರ ಕಡೆಗೆ. ಕುಣಿದಷ್ಟೂ ಮುಂದಕ್ಕೆ ಸರಿಯುತ್ತಿತ್ತು. ಅವರಿಗೆ ಹಿಂದೆ ಜಾಗ ಇರಲಿಲ್ಲ. ಬರಬೇಡ ಅಂತ ಕೈ ಆಡಿಸಿದರು.

ಆಫ್ ಸ್ವಿಚ್ ಹಿಡಿಯ ಹತ್ತಿರ, ನನ್ನ ಕಡೆಗೇ. ರೇಕಿನ ಹಲ್ಲನ್ನು ಮುಂದಿನ ಹಿಡಿಗೆ ಸಿಕ್ಕಿಸಿ ನೆಲಕ್ಕೆ ಅದುಮಿದೆ. ಇಡೀ ಭಾರ ಹಾಕಿದೆ. ಮೊಣಕಾಲೂರಿ ಕೈ ಚಾಚಿದೆ. ಒಂದು ಸಲ ಜಾರಿತು. ಆಮೇಲೆ ಸಿಕ್ಕಿತು.

ನಿಂತಿತು. ನನ್ನ ಕಿವಿಯೊಳಗೆ ಇನ್ನೂ ಓಡುತ್ತಿತ್ತು.

ಭಾವನ ಬೂಟಿನ ಮೂತಿ ಸೀಳಿ ಒಳಗಿನ ಕಬ್ಬಿಣದ ಟೊಪ್ಪಿ ಕಾಣುತ್ತಿತ್ತು. ಅದರ ಮೇಲೆ ಗೀರು. ಸ್ವಲ್ಪ ಮೇಲೆ ಬಿದ್ದಿದ್ದರೆ ಕಣಕಾಲು.

"ಹಿಂದಿನ ಕೈ ಜಾರಿದ್ದೇ ಗೊತ್ತಾಗಲಿಲ್ಲ" ಅಂದರು. "ಹಿಡಿದೇ ಇದ್ದೀನಿ ಅಂದುಕೊಂಡಿದ್ದೆ." ಬೂಟು ನೋಡಿಕೊಂಡು, "ಬೂಟಿಗೆ ತಾನೆ ಆಗಿದ್ದು, ಬಿಡು. ನಿಮ್ಮಕ್ಕಂಗೆ—"

"ಹೇಳ್ತೀನಿ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ನನಗೆ ಅವರ ಮೀಸೆ ಬೇಡ. ಅವರು ಬೇಕು.

ಅದೇ ದಿನ, ಸಂಜೆ ೭

ಹೇಳಿದೆ. ಎಲ್ಲ.

ಅಕ್ಕ ಕೂಗಾಡಲಿಲ್ಲ. ಒಳಗೆ ಹೋಗಿ ಟ್ಯೂಬ್ ಪಟ್ಟಿಗಳ ಕಟ್ಟು ತಂದು ಭಾವನ ಮುಂದೆ ಇಟ್ಟಳು.

"ಇಷ್ಟು ಸಾಕಾ, ಇನ್ನೂ ಕತ್ತರಿಸಿಕೊಡ್ಲಾ?"

"ಅಯ್ಯೋ, ಅಂಥದ್ದೇನೂ ಆಗಿಲ್ಲ ಕಣೇ. ಇವಳು ಇಲಿ ಹೋದರೆ ಹುಲಿ ಹೋಯ್ತು ಅಂತಾಳೆ. ಬೆರಳಿಗೆ ಎಲ್ಲ ಗೊತ್ತಾಗುತ್ತೆ. ಸ್ವಲ್ಪ ಜೋಮು, ಅಷ್ಟೇ."

"ಹೌದಾ? ಹಾಗಾದ್ರೆ ಕಣ್ಣು ಮುಚ್ಚಿ. ಸೂಜಿ ಚುಚ್ತೀನಿ. ಚುಚ್ಚಿದ ಕೂಡಲೆ ಹೇಳಿ."

ನಗುತ್ತಾ ಕೈ ಚಾಚಿದರು. ಕಣ್ಣು ಮುಚ್ಚಿದರು. ಅಕ್ಕ ತೋರುಬೆರಳಿನ ತುದಿ ಹಿಡಿದಳು. ನಾನು ಭಾವನ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಕೂಡ ಅಲುಗಲಿಲ್ಲ.

"ಚುಚ್ಚೇ ಬೇಗ. ಎಷ್ಟು ಹೊತ್ತು ಕಾಯ್ಲಿ?" ಅಂದರು.

ರಕ್ತದ ಹನಿ ಆಗಲೇ ಅಂಗೈಗೆ ಇಳಿದಿತ್ತು.

ಕಣ್ಣು ಬಿಟ್ಟು ನೋಡಿದರು ಭಾವ. ಆ ಹನಿ ನೋಡಿದರು, ಸೂಜಿ ನೋಡಿದರು, ನಗು ಎಲ್ಲೋ ಹೋಯಿತು. ಅಕ್ಕ ಹೊಲಿಗೆಯ ಬಟ್ಟೆ ಚೂರಿನಿಂದ ಬೆರಳು ಒತ್ತಿ ಹಿಡಿದುಕೊಂಡು ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ.

ಫೆಬ್ರವರಿ ೧೩

ಬೆಳಗ್ಗೆ ಅಳತೆಪಟ್ಟಿಯ ಹತ್ತಿರ ಭಾವ ತಾವೇ ಹೋಗಿ ಹೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಗೇಟಿಗೇ ಹಾಕಿದ. ಆಮೇಲೆ ಕೇಳಿದ — ವ್ಯೂಹ ಇನ್ನೂ ಅರ್ಧ ಉಳಿದಿದೆ, ಯಾರು ಕತ್ತರಿಸುತ್ತಾರೆ?

ಭಾವ ತಿರುಗಿ ನನ್ನ ಕಡೆ ನೋಡಿದರು. "ಇವಳು. ಕಲಿಸೋದು ನಾನು."

ಮಧ್ಯಾಹ್ನ ಅಕ್ಕ ಭಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು; ಅವರು ಹೇಳಿದ್ದು ಅವಳಿಂದ ಕೇಳಿದೆ. ಹೋದ ಸ್ಪರ್ಶ ಬರುತ್ತದೆ ಅನ್ನುವ ಹಾಗಿಲ್ಲವಂತೆ. ಇನ್ನೂ ಹೋಗದ ಹಾಗೆ ನೋಡಿಕೊಳ್ಳಬಹುದಂತೆ. ಅಷ್ಟೇ.

ಫೆಬ್ರವರಿ ೧೭, ಸೋಮವಾರ, ಬೆಳಗ್ಗೆ

ಇಂದು ಮೊದಲ ದಿನ. ಮೂರು ದಿನದಿಂದ ಹಿತ್ತಿಲಲ್ಲಿ ಪಾಠ, ಬ್ಲೇಡಿಗೆ ಕವರ್ ಹಾಕಿಕೊಂಡೇ. ಕೊಂಬೆ ಸಿಕ್ಕಿಕೊಂಡರೆ ಮೊದಲು ಇಂಜಿನ್ ಆಫ್, ಆಮೇಲೆ ಕೈ. ಭುಜಕ್ಕಿಂತ ಮೇಲೆ ಎತ್ತಬಾರದು, ಎತ್ತರಕ್ಕೆ ಅಟ್ಟಣಿಗೆ ಹಾಕಿಸಿಕೊಳ್ಳಬೇಕು. ಆಗಾಗ ನಿಲ್ಲಿಸಿ ಬೆರಳು ಬಿಸಿ ಮಾಡಿಕೊಳ್ಳಬೇಕು — ಇದು ಹೊಸ ಪಾಠ, ಅವರಿಗೆ ಯಾರೂ ಹೇಳಿರಲಿಲ್ಲ.

ನಿನ್ನೆ ಅಂದೆ, "ಭಾವ, ನಂಗೆ ಭಯ."

"ಇರಲಿ. ಭಯ ಹೋದ ದಿನ ಹೇಳು, ಮೆಷಿನ್ ಕಿತ್ಕೋತೀನಿ."

ಹಿಡಿ ಸ್ವಚ್ಛವಾಗಿದೆ. ನೋಡಿದೆ. ಪಟ್ಟಿಗಳನ್ನೆಲ್ಲ ಅಕ್ಕ ಒಲೆಗೆ ಹಾಕಲು ಹೋಗಿದ್ದಳು, ಮನೆಯೆಲ್ಲ ರಬ್ಬರ್ ನಾತ ಆಗುತ್ತದೆ ಅಂತ ಭಾವನೇ ತಡೆದು ಕಸಕ್ಕೆ ಹಾಕಿಬಂದರು.

ಹೊರಗಿನಿಂದ ಕೂಗುತ್ತಿದ್ದಾರೆ. ಬೂಟು? ಹಾಕಿದೆ. ಕನ್ನಡಕ? ಇದೆ. ಕಿವಿಗೆ? ಇದೆ ಭಾವ, ಇದೆ.

ಬಂದೇಬಿಟ್ಟರು. ಟಿಚ್ ಬಟನ್ ತಾವೇ ಒತ್ತಿಕೊಂಡಿದ್ದಾರೆ, ಒಂದು ಮೇಲೆ ಒಂದು ಕೆಳಗೆ. ಜೇಬಿನಲ್ಲಿ ಗೇಟಿನ ಬೀಗದ ಕೈ.

"ಅದೇನು ಬರೀತಾ ಕೂತಿದ್ದೀಯೆ? ಪೆನ್ನು ಬಿಡು. ಮೆಷಿನ್ನಿಗೆ ಎರಡೂ ಕೈ ಬೇಕು ಅಂದಿದ್ದೀನಿ!"

ಬಿಟ್ಟೆ ಭಾವ, ಇಗೋ, ಎರಡೂ