ಬೆಟ್ಟದ ಮೇಲೊಂದು ಅಂಗಿ

ನವೆಂಬರ್ ಒಂಬತ್ತು, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಹೇಗಿದ್ದೀಯ ತಾಯಿ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈದರೂ ಅಷ್ಟು ದೂರದಿಂದ ನನಗೆ ಕೇಳಿಸುವುದಿಲ್ಲ ಬಿಡು. ಅಂಗಡಿಯಲ್ಲಿ ನರ್ಸ್‌ಗಳ ಸಮವಸ್ತ್ರದ ದೊಡ್ಡ ಆರ್ಡರ್ ಬಂದಿತ್ತು. ಜೇಬು ಹೊಲಿದು ಹೊಲಿದು ಕನಸಿನಲ್ಲೂ ಜೇಬೇ. ಇದೆಲ್ಲ ನೆಪ, ನಿನಗೂ ಗೊತ್ತು. ಏನು ಬರೆಯಲಿ ಎಂದು ತೋಚದೆ ಕೂತಿದ್ದೆ.

'ಸಹಿ ಹಾಕಬೇಡ ಅಕ್ಕ, ಹಾಕಿದರೆ ನಾವೇ ಅಣ್ಣನನ್ನು ಕೊಂದ ಹಾಗೆ' ಎಂದು ಬರೆದಿದ್ದೀಯ. ಯುದ್ಧದಲ್ಲಿ ಕಾಣೆಯಾದವರ ಹೆಸರನ್ನು ಬೆಟ್ಟದ ಸ್ಮಾರಕದ ಗೋಡೆಯಲ್ಲಿ ಕೆತ್ತಿಸುತ್ತಾರಂತೆ. ಅದಕ್ಕೆ ಮನೆಯವರಲ್ಲೊಬ್ಬರು, ನಮ್ಮವನು ಸತ್ತಿದ್ದಾನೆ ಎಂದು ಒಪ್ಪಿ ಬರೆದುಕೊಡಬೇಕಂತೆ. ತಮ್ಮ ಕಾಣೆಯಾಗಿ ಹನ್ನೆರಡು ವರ್ಷ. ಮೊದಲು ಗೋಡೆಯನ್ನಾದರೂ ನೋಡೋಣ ಎಂದು ಆ ಒಪ್ಪಿಗೆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಮೊನ್ನೆ ಬೆಳಗ್ಗೆ ಬೆಟ್ಟ ಹತ್ತಿದೆ.

ಮೆಟ್ಟಿಲು ಮುಗಿಯುವಷ್ಟರಲ್ಲಿ ಮಂಡಿ ಎರಡೂ ನನ್ನವಲ್ಲ ಅನ್ನಿಸಿತ್ತು. ಮೇಲೆ ನಿಂತು ತಿರುಗಿ ನೋಡಿದರೆ ಕೆಳಗೆ ಊರೇ ಇರಲಿಲ್ಲ. ಬರೀ ಮಂಜು. ಅದರೊಳಗಿಂದ ಬಸ್ಸಿನ ಹಾರ್ನು, ಯಾವುದೋ ಶಾಲೆಯ ಗಂಟೆ ಎದ್ದು ಬರುತ್ತಿದ್ದವು. ಸ್ಮಾರಕದ ಪಕ್ಕದ ಸೈನಿಕರ ಸ್ಮಶಾನದಲ್ಲಿ ಬಿಳಿ ಕಲ್ಲಿನ ಸಾಲುಗಳು ಸ್ವಲ್ಪ ದೂರ ಕಾಣಿಸಿ ಕರಗುತ್ತಿದ್ದವು. ನಾನು ನಡೆಯುತ್ತಿದ್ದೇನೋ, ಸಾಲುಗಳೇ ನನ್ನನ್ನು ದಾಟಿ ಹೋಗುತ್ತಿದ್ದವೋ ತಿಳಿಯಲಿಲ್ಲ. ಹುಲ್ಲು ಕತ್ತರಿಸುವ ಮಾಲಿಯ ಬೆನ್ನು ನೋಡಿ ತಮ್ಮನೇ ಎಂದು ಎರಡು ಹೆಜ್ಜೆ ಓಡಿದೆ. ನಗಬೇಡ, ನೀನಿದ್ದರೂ ಹಾಗೇ ಆಗುತ್ತಿತ್ತು.

ಮೂರನೆಯ ಸಾಲಿನಲ್ಲಿ ಟೀಚರಮ್ಮ ಕೂತಿದ್ದರು. ತಮ್ಮನ ಗೆಳೆಯನ ತಾಯಿ. ಇಬ್ಬರೂ ಒಂದೇ ಎತ್ತರ, ಒಂದೇ ತುಕಡಿ, ಜೋಡೆತ್ತು ಎಂದು ನಾವು ರೇಗಿಸುತ್ತಿದ್ದೆವಲ್ಲ. ಅವರ ಮಗನ ಮುಖ ಗುರುತು ಸಿಗುವ ಹಾಗಿರಲಿಲ್ಲ, ಅಂಗಿಯ ಮೇಲಿದ್ದ ಹೆಸರು ನೋಡಿ ಮಣ್ಣು ಮಾಡಿದರು. ಆ ಅಂಗಿಯನ್ನು ಒಗೆದು ತಾಯಿಗೆ ಕಳಿಸಿಕೊಟ್ಟಿದ್ದರು. ಅದನ್ನವರು ಕಲ್ಲಿನ ಮೇಲೆ ಹರವಿಕೊಂಡಿದ್ದರು.

"ಬಂದ್ಯಾ, ಕೂತ್ಕೋ. ಇದಕ್ಕೆ ಸ್ವಲ್ಪ ಬಿಸಿಲು ತೋರಿಸೋಣ ಅಂತ ತಂದೆ. ಬಿಸಿಲೇ ಬರ್ತಿಲ್ಲ" ಎಂದರು. ಆಮೇಲೆ ಅಂಗಿಯನ್ನು ನನ್ನ ಮಡಿಲಿಗೆ ಹಾಕಿದರು. "ಹೆಸರಿನ ಪಟ್ಟಿ ಬಿಟ್ಕೊಂಡಿದೆ ನೋಡು. ಹೊಲಿದವಳು ನೀನೇ ತಾನೇ? ನಿನ್ನ ಕೆಲಸ ಗಟ್ಟಿ ಇಲ್ಲ ಕಣೆ."

"ಹನ್ನೆರಡು ವರ್ಷ ತಡೆದಿದೆ ಟೀಚರಮ್ಮ. ಅಂಗಡೀಲಿ ನಾನು ಆರು ತಿಂಗಳಿಗೇ ಗ್ಯಾರಂಟಿ ಕೊಡೋದು" ಎಂದೆ. ನಕ್ಕರು.

ಹೊಲಿಗೆಯವಳ ಚೀಲದಲ್ಲಿ ಸೂಜಿದಾರ ಇಲ್ಲದೆ ಇರುತ್ತದೆಯೇ. ಅಂಗಿಯ ಒಳಮೈ ಹೊರಗೆ ಮಾಡಿದೆ. ಎಡ ಭುಜದ ಒಳಗೆ ಹಳದಿ ಬಟ್ಟೆ ಕಂಡಿತು.

ಚಿಕ್ಕಂದಿನಲ್ಲಿ ಹಿತ್ತಲ ಗೋಡೆಯಿಂದ ಬಿದ್ದಮೇಲೆ ತಮ್ಮನ ಎಡ ಭುಜ ಸ್ವಲ್ಪ ಇಳಿದುಹೋಗಿತ್ತಲ್ಲ, ಅವನ ಅಂಗಿಗಳಿಗೆ ಮಾತ್ರ ನಾನು ಅಲ್ಲಿ ಎರಡು ಮಡಿಕೆ ಬಟ್ಟೆ ಕೊಡುತ್ತಿದ್ದೆ. ಅದು ನಿನ್ನ ಹಳೇ ಹಳದಿ ಫ್ರಾಕಿನ ಚೂರು. ಕೊನೆಯ ರಜೆಯಲ್ಲಿ ಇಬ್ಬರೂ ನಾಲ್ಕು ನಾಲ್ಕು ಅಂಗಿ ತಂದು ಗುಡ್ಡೆ ಹಾಕಿದ್ದರು. ಎಂಟು ಅಂಗಿ, ಎಂಟು ಹೆಸರಿನ ಪಟ್ಟಿ. ತಮ್ಮನ ಒಂದು ಅಂಗಿಗೆ ಗೆಳೆಯನ ಹೆಸರು ಹೊಲಿದುಬಿಟ್ಟಿದ್ದೇನೆ.

ಪುಟ್ಟಿ, ಆ ಕಲ್ಲಿನ ಕೆಳಗಿರುವವನು ನಮ್ಮವನು. ಕಾಣೆಯಾಗಿರುವವನು ಟೀಚರಮ್ಮನ ಮಗ. ಹೆಸರು ನೋಡಿ ಆ ಅಂಗಿಯನ್ನು ಗೆಳೆಯನೇ ಹಾಕಿಕೊಂಡಿರಬಾರದೇಕೆ ಎಂದು ನೀನು ವಾದಕ್ಕೆ ಬೀಳುತ್ತೀಯ. ಇಲ್ಲ. ಹೇಗೆ ಗೊತ್ತೆಂದು ಕೊನೆಗೆ ಬರೆಯುತ್ತೇನೆ, ಈಗ ಕೈ ಓಡುತ್ತಿಲ್ಲ.

ಟೀಚರಮ್ಮ ಮಂಜನ್ನೇ ನೋಡುತ್ತಾ ಹೇಳಿದರು, "ನಿನ್ನ ತಮ್ಮನ್ನ ನೆನೆಸ್ಕೊಂಡ್ರೆ ಸಂಕಟ ಆಗತ್ತೆ ಕಣೆ. ನಂಗಾದ್ರೂ ಬಂದು ಕೂರೋಕೆ ಒಂದು ಜಾಗ ಇದೆ."

ಮಾತು ತುದಿನಾಲಗೆಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ಹನ್ನೆರಡು ವರ್ಷ ನನ್ನ ತಮ್ಮನ ಪಕ್ಕ ಕೂತು ಮಾತಾಡಿದ್ದು ಈಕೆ, ನಾವಲ್ಲ. ಒಂದು ಅರ್ಜಿ ಕೊಟ್ಟರೆ ಸಾಕು, ಅಗೆದು ನೋಡುತ್ತಾರೆ, ಕಲ್ಲಿನ ಮೇಲೆ ನಮ್ಮವನ ಹೆಸರು ಬರುತ್ತದೆ. ಆದರೆ ಎಪ್ಪತ್ತೆಂಟು ವರ್ಷದ ಆ ಜೀವ ನಾಳೆಯಿಂದ ನಿನ್ನ ಹಾಗೆ ಬಾಗಿಲು ಕಾಯಲು ಕೂರಬೇಕು. ನನ್ನ ಕೈಲಾಗಲಿಲ್ಲ. ಸೂಜಿಗೆ ದಾರ ಪೋಣಿಸಿ, ಅವರ ಮಗನ ಹೆಸರನ್ನು ನಮ್ಮ ತಮ್ಮನ ಅಂಗಿಗೆ ಎರಡು ಸುತ್ತು ಹೊಲಿದು, ದಾರ ಕಚ್ಚಿ ಕೊಟ್ಟೆ.

ಅಷ್ಟರಲ್ಲಿ ಮಂಜು ಸರಿದು ಊರು ಒಂದೊಂದೇ ಚಾವಣಿಯಾಗಿ ಮೇಲೆದ್ದು ಬಂತು. ಟೀಚರಮ್ಮ ಬೆರಳು ಮಾಡಿ ಅವರ ಮನೆ, ನಮ್ಮ ಅಂಗಡಿ ಎಲ್ಲ ತೋರಿಸಿದರು. ಹೊರಡುವ ಮೊದಲು ಆ ಕಲ್ಲನ್ನು ಅಂಗೈಯಿಂದ ಒಂದು ಸಲ ಮುಟ್ಟಿದೆ. ತಣ್ಣಗಿತ್ತು. ಆಮೇಲೆ ಗೋಡೆಯ ಹತ್ತಿರ ಹೋಗಿ ಕಾಗದಕ್ಕೆ ಸಹಿ ಹಾಕಿದೆ. ಅವನ ಹೆಸರು ಅಲ್ಲಿ ಬರಲಿ, ಅವನು ಇಲ್ಲಿರಲಿ. ನೀನು ಬಂದಾಗ ಮೂರನೆಯ ಸಾಲಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಸದ್ದಿಲ್ಲದೆ ಅಳಬೇಕು, ಅಷ್ಟೇ.

ಊಟ ಬಿಡಬೇಡ. ಮಕ್ಕಳಿಗೆ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಹೆದರಿದ್ದು. ಹೊರಡುವ ದಿನ ತಮ್ಮ ಆ ಅಂಗಿ ಹಾಕಿಕೊಂಡೇ ಮೆಷಿನ್ ಹತ್ತಿರ ಬಂದಿದ್ದ. "ಅಕ್ಕ, ಭುಜ ನಂದು, ಹೆಸರು ಅವನದು. ಬಿಚ್ಚಿ ಹೊಲಿದು ಕೊಡ್ತೀಯಾ?" ಎಂದ. ಐದು ನಿಮಿಷದ ಕೆಲಸ. ನಾನಾಗಲೇ ಮೆಷಿನ್ ಮುಚ್ಚಿದ್ದೆ. "ಹೋಗೋ, ಅಲ್ಲಿ ಯಾರು ಓದ್ತಾರೆ? ವಾಪಸ್ ಬಂದಾಗ ಹೊಲಿದು ಕೊಡ್ತೀನಿ" ಎಂದೆ. ಗೆಳೆಯ ಸತ್ತ, ಇವನು ಕಾಣೆ ಎಂದು ಸುದ್ದಿ ಬಂದಾಗಲೇ ನನಗೆ ಅನುಮಾನ ಬಂದಿತ್ತು. ಉಳಿದ ಮೂರು ಅಂಗಿ ಸರಿಯಾಗಿದ್ದವಲ್ಲ, ಅವತ್ತು ಅದರಲ್ಲೊಂದು ಹಾಕಿದ್ದಿರಬೇಕು ಎಂದುಕೊಂಡೆ. ಟೀಚರಮ್ಮನ ಮನೆಗೆ ಹೋಗಿ ಅಂಗಿ ತೋರಿಸಿ ಎಂದು ಕೇಳಲಿಲ್ಲ. ನೀನು ಪ್ರತಿ ಕಾಗದದಲ್ಲೂ ಅಣ್ಣನ ಸುದ್ದಿ ಏನಾದರೂ ಬಂತಾ ಎಂದು ಕೇಳಿದೆ. ಪ್ರತಿ ಸಲವೂ ನಾನು 'ಇನ್ನೂ ಇಲ್ಲ' ಎಂದು ಬರೆದೆ.