ಕನ್ನಡಕದ ಡಬ್ಬಿಯಲ್ಲಿದ್ದ ಬಲ್ಬು

ಅಪ್ಪಾ,

ನೀವು ನಮ್ಮ ಕಾರಿನ ಬ್ರೇಕ್ ಸರಿಮಾಡಲಿಲ್ಲ. ಬ್ರೇಕ್ ಕೆಟ್ಟಿದೆ ಎಂದು ಎಚ್ಚರಿಸುವ ಕೆಂಪು ದೀಪದ ಬಲ್ಬನ್ನೇ ಕಿತ್ತಿಟ್ಟಿರಿ. ಇದು ಮೋಸ. ಬಲ್ಬು ನಿಮ್ಮ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿತು. ಹಿಂದಿನ ಎಡಚಕ್ರದ ಒಳಗೆಲ್ಲ ಬ್ರೇಕ್ ಆಯಿಲ್ ಸೋರಿದೆ.

ನಿನ್ನೆ ಕೇಳಿದರೆ, "ಕರಪತ್ರ ಓದ್ಕೊಂಡು ಬಂದು ನನಗೇ ಬ್ರೇಕ್ ಪಾಠ ಹೇಳ್ತೀಯೇನೇ?" ಎಂದು ಗದರಿದಿರಿ. ಅಮ್ಮ ನಕ್ಕಳು. ಅಪಾಯವನ್ನು ಅದಕ್ಕೆ ಗುರಿಯಾಗುವವರಿಂದಲೇ ಮುಚ್ಚಿಡುವುದು ದಬ್ಬಾಳಿಕೆ ಎಂದು ಕಾಲೇಜಿನಲ್ಲಿ ಹಂಚಿದ್ದ ಆ ಕರಪತ್ರದಲ್ಲಿತ್ತು. ಅಂಥ ದಬ್ಬಾಳಿಕೆ ನಮ್ಮ ಶೆಡ್ಡಿನಲ್ಲೇ ಇದೆಯೆಂದು ನನಗೆ ಗೊತ್ತಿರಲಿಲ್ಲ. ಸೋಮವಾರ ತುಂಬು ಬಸುರಿ ಅಕ್ಕನನ್ನು ಇದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಪ್ಪತ್ತು ವರ್ಷ ಈ ಕಾರನ್ನು ನಿಮ್ಮ ಕೈ ಬಿಟ್ಟರೆ ಬೇರೆ ಯಾರ ಕೈಯೂ ಬಿಚ್ಚಿಲ್ಲ. ಈಗ ಆ ಕೈಯಲ್ಲಿ ಸ್ಪ್ಯಾನರ್ ನಿಲ್ಲುತ್ತಿಲ್ಲ. ಅದನ್ನು ನೋಡಿಯೂ ಆರು ತಿಂಗಳು ಸುಮ್ಮನಿದ್ದೆ. ಅದೂ ಮೋಸವೇ, ನನ್ನದು.

ಬಲ್ಬನ್ನು ಮತ್ತೆ ಹಾಕಿದ್ದೇನೆ. ಕಾರಿನ ಕೀ ನನ್ನ ಬಳಿಯಿದೆ. ಮೆಕ್ಯಾನಿಕ್‌ ಹತ್ತಿರ ಒಯ್ಯಲು ನೀವು ಒಪ್ಪುವುದಿಲ್ಲ, ಗೊತ್ತು. ಬೇಕಾದ ಸಾಮಾನು ನಾನು ತರುತ್ತೇನೆ. ನೀವು ಸ್ಟೂಲಿನ ಮೇಲೆ ಕೂತು ಹೇಳಿಕೊಡಿ, ನಾನು ಬಿಚ್ಚುತ್ತೇನೆ. ಕನ್ನಡಕ ಮರೆಯಬೇಡಿ. ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಶೆಡ್ಡಿನಲ್ಲಿ.

ನಿಮ್ಮ ಜಗಳಗಂಟಿ ಕಿರಿಮಗಳು